‘ಒಳಗೊಳ್ಳುವಿಕೆ’ ಅಂದರೆ ಏನನ್ನು ಒಳಗೆ ಹಾಕಿಕೊಳ್ಳುವುದು?

ಬಲ್ಲವರಿಗೆ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಕಾಫಿಬೀಜ ಸುಲಿದು ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನವರು ಗೋಡೆಗೆ ಹಾಕುವ ಪ್ರಕಟಣೆಯೊಂದನ್ನು ಕನ್ನಡ ಮಾಡಿಕೊಡಿ ಎಂದು ಕೇಳಿದರು. ನಿವೃತ್ತ ಮೇಷ್ಟ್ರಿಗೆ ಬೇರೇನು ಕೆಲಸ ಅಂತ ನನ್ನ ತಲೆಗೆ ಕಟ್ಟಿದ್ದು. ತಲೆಬರಹ ಮೂರೇ: ಡೈವರ್ಸಿಟಿ, ಡಿಸ್ಕ್ರಿಮಿನೇಷನ್, ಇನ್‌ಕ್ಲೂಷನ್. ಅರ್ಧ ಗಂಟೆಯ ಕೆಲಸ ಅಂದುಕೊಂಡೆ, ಮೂರು ವಾರವಾಯಿತು.

ಮೊದಲನೆಯದು ಸುಲಭ, ವೈವಿಧ್ಯ. (‘ವೈವಿಧ್ಯತೆ’ ಬೇಡ. ‘ವಿವಿಧ’ ಒಮ್ಮೆ ‘ವೈವಿಧ್ಯ’ವಾದ ಮೇಲೆ ಅದಕ್ಕೆ ಇನ್ನೊಂದು ‘ತೆ’ ಅಂಟಿಸುವುದು ಕಂಬಳಿಕೊಪ್ಪೆಯ ಮೇಲೆ ಕೊಡೆ ಹಿಡಿದ ಹಾಗೆ.)

ಎರಡನೆಯದಕ್ಕೆ ‘ತಾರತಮ್ಯ’ ಎಂದು ಬರೆದು ಪೆನ್ನು ಮುಚ್ಚಬಹುದಿತ್ತು. ಆದರೆ ಈ ಪದ ಹುಟ್ಟಿದ್ದು ‘ತರ’, ‘ತಮ’ ಎಂಬ ಎರಡು ಪ್ರತ್ಯಯಗಳಿಂದ. ಲಘುತರ, ಲಘುತಮ ಎನ್ನುತ್ತೇವಲ್ಲ, ಅವೇ. ಹೆಚ್ಚು ಕಡಿಮೆ ಅಳೆಯುವುದಷ್ಟೇ ಅದರ ಮೂಲ ಕೆಲಸ. ಮಾಧ್ವರಿಗೆ ತಾರತಮ್ಯ, ಅಂದರೆ ಜೀವರಲ್ಲಿ ಮೇಲು-ಕೆಳಗಿನ ಕ್ರಮ, ಒಂದು ಸಿದ್ಧಾಂತವೇ. ನನ್ನ ಸೋದರಮಾವ ಯಾರನ್ನಾದರೂ ಬೈಯಬೇಕಾದರೆ ‘ಅವನಿಗೆ ತಾರತಮ್ಯ ಜ್ಞಾನವೇ ಇಲ್ಲ’ ಎನ್ನುತ್ತಿದ್ದರು. ‘ತಾರತಮ್ಯವಿಲ್ಲದ ಸಂಸ್ಥೆ’ ಎಂಬ ಬೋರ್ಡು ಕಂಡಿದ್ದರೆ ಒಳಗೇ ಹೋಗುತ್ತಿರಲಿಲ್ಲ.

ಹಾಗಾಗಿ ‘ಪಂಕ್ತಿಭೇದ’ ನೆನಪಾಯಿತು. ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬರ ಎಲೆಗೆ ತುಪ್ಪ, ಪಕ್ಕದವರಿಗೆ ಬರೀ ಸಾರು. ಕೆಲಸದ ಜಾಗದಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ. ಗೆಳೆಯರೊಬ್ಬರು ತಡೆದರು: ‘ಪಂಕ್ತಿಯಲ್ಲಿ ಕೂರಿಸಿದ್ದರೆ ತಾನೆ ಪಂಕ್ತಿಭೇದ? ನಮ್ಮ ಅಜ್ಜನನ್ನು ಅಂಗಳದಲ್ಲೇ ನಿಲ್ಲಿಸಿದ್ದರು. ಆ ಪದವೂ ಕೂತವರದ್ದೇ.’ ಉತ್ತರ ಹೊಳೆಯಲಿಲ್ಲ. ‘ತಾರತಮ್ಯ’ವನ್ನೇ ಉಳಿಸಿಕೊಂಡೆ.

ನಿಜವಾದ ಪ್ರಶ್ನೆ ಮೂರನೆಯದು. ಪತ್ರಿಕೆಗಳೆಲ್ಲ ಬರೆಯುವಂತೆ ‘ಒಳಗೊಳ್ಳುವಿಕೆ’ ಎಂದು ಬರೆದು, ಅಲ್ಲಿ ಕಾಫಿಬೀಜ ಆರಿಸುವ ಹೆಂಗಸೊಬ್ಬರಿಗೆ ತೋರಿಸಿದೆ. ‘ಮೇಷ್ಟ್ರೇ, ಏನನ್ನ ಒಳಗೆ ಹಾಕ್ಕೊಳ್ಳೋದು ಇದ್ರಲ್ಲಿ?’ ಅಂದರು. ಮೊದಲು ನಗು ಬಂತು, ಆಮೇಲೆ ಅವರ ವ್ಯಾಕರಣವೇ ಸರಿ ಅನಿಸಿತು. ‘ಜಿಲ್ಲೆಯು ಇಷ್ಟು ತಾಲ್ಲೂಕುಗಳನ್ನು ಒಳಗೊಂಡಿದೆ’ ಎನ್ನುತ್ತೇವೆ. ಒಳಗೊಳ್ಳುವುದು ಡಬ್ಬಿ, ಜನ ಅದರೊಳಗಿನ ಸಾಮಾನು. ಸಾಮಾನಿಗೆ ಅಲ್ಲಿ ಮಾಡುವ ಕೆಲಸವಿಲ್ಲ.

ನಾನು ಸುತ್ತಿ ಬಳಸಿ ವಿವರಿಸಿದೆ. ಅವರು ಕೈಯಲ್ಲಿದ್ದ ಕಪ್ಪುಬೀಜವನ್ನು ಪಕ್ಕಕ್ಕೆಸೆದು, ‘ಅಂದ್ರೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಮಾಡ್ಬಾರ್ದು, ಅಷ್ಟೇ ತಾನೆ?’ ಅಂದರು.

ಅಷ್ಟೇ. ಶಿಕ್ಷಣ ಇಲಾಖೆಯ ಭಾಷೆಗೆ ಇದು ಇನ್ನೂ ದಕ್ಕಿಲ್ಲ. ಅಂಗವೈಕಲ್ಯವಿರುವ ಮಕ್ಕಳಿಗಾಗಿ ಕೇಂದ್ರ ಸರ್ಕಾರ 1974ರಲ್ಲಿ ತಂದ ಯೋಜನೆಯ ಆಶಯ, ಮಗು ಮಾಮೂಲಿ ಶಾಲೆಗೆ ಬಂದು ಹೊಂದಿಕೊಳ್ಳಲಿ ಎಂಬುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವುದೇ ಬೇರೆ: ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯಬೇಕು, ಕಲಿಸುವ ಕ್ರಮ ಮಕ್ಕಳಿಗೆ ತಕ್ಕಂತೆ ಬದಲಾಗಬೇಕು. ನಮ್ಮಲ್ಲಿ ಇದಕ್ಕೆ ಬಳಕೆಯಲ್ಲಿರುವ ಹೆಸರು ‘ಸಮನ್ವಯ ಶಿಕ್ಷಣ’. ಯಾರು ಯಾರಿಗೆ ಹೊಂದಿಕೊಳ್ಳಬೇಕು ಎಂಬುದನ್ನು ಆ ‘ಸಮನ್ವಯ’ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ತರಗತಿಯಲ್ಲಿ ಕಣ್ಣು ಕಾಣದ ಹುಡುಗನೊಬ್ಬನಿದ್ದ. ಹಾಜರಿ ಪುಸ್ತಕದಲ್ಲಿ ಅವನ ಹೆಸರು ತಪ್ಪದೆ ಕೂಗುತ್ತಿದ್ದೆ. ಬೋರ್ಡಿನ ಮೇಲೆ ಬರೆದದ್ದನ್ನು ಬಾಯಲ್ಲೂ ಓದುತ್ತಿದ್ದದ್ದು ನೆನಪಾದಾಗ ಮಾತ್ರ. ಸಮನ್ವಯ ಆಗಿತ್ತು, ಲೆಕ್ಕಕ್ಕಿರಲಿಲ್ಲ.

‘ಹೊರಗೆ’ ಎಂಬುದಕ್ಕೆ ನಮ್ಮಲ್ಲಿ ಎಷ್ಟು ಪದ ನೋಡಿ: ಹೊರಗಿಡು, ಬಹಿಷ್ಕಾರ, ಮೂಲೆಗುಂಪು. ಮುಟ್ಟಾದ ಹೆಂಗಸು ‘ಹೊರಗಾದಳು’. ಒಳಗೆ ಕರೆಯುವುದಕ್ಕೆ ಮಕ್ಕಳ ಬಾಯಲ್ಲಿ ಒಂದು ಸೊಗಸಾದ ಮಾತಿದೆ, ‘ನನ್ನನ್ನೂ ಆಟಕ್ಕೆ ಸೇರಿಸ್ಕೊಳ್ರೋ’. ಆದರೆ ‘ಸೇರಿಸಿಕೊಳ್ಳು’ವಿನಲ್ಲಿ ಕರುಣೆಯ ವಾಸನೆ. ಸೇರಿಸಿಕೊಳ್ಳುವವನು ಯಾವಾಗಲೂ ಬ್ಯಾಟಿನ ಯಜಮಾನ.

ಅದಕ್ಕೇ ‘ಯಾರನ್ನೂ ಹೊರಗಿಡದೆ, ಎಲ್ಲರನ್ನೂ ಲೆಕ್ಕಕ್ಕಿಟ್ಟು’ ಎಂದು ಬರೆದುಕೊಟ್ಟೆ. ‘ಲೆಕ್ಕ’ಕ್ಕೆ ಇಲ್ಲಿ ಇನ್ನೊಂದು ಮುಖವಿದೆ ಎಂಬುದು ಆಮೇಲೆ ತಿಳಿಯಿತು. ಹಣ್ಣಿನ ಕೊಯ್ಲಿಗೆ ಕೆ.ಜಿ. ಲೆಕ್ಕ, ಯಾರು ಕೊಯ್ದರೂ ಒಂದೇ. ದಿನಗೂಲಿಗೆ ಬಂದರೆ ‘ಗಂಡಾಳಿಗಿಷ್ಟು, ಹೆಣ್ಣಾಳಿಗಿಷ್ಟು’ ಎಂಬ ಮಾತು, ಸಮಾನ ವೇತನದ ಕಾನೂನು 1976ರಲ್ಲೇ ಬಂದರೂ, ತೋಟಗಳಲ್ಲಿ ಇನ್ನೂ ಕಿವಿಗೆ ಬೀಳುತ್ತದೆ. ಕೆಲಸದಿಂದ ತೆಗೆಯುವುದಕ್ಕೂ ‘ಲೆಕ್ಕ ಚುಕ್ತಾ ಮಾಡು’ ಎನ್ನುತ್ತಾರೆ.

ಹೊಳೆನರಸೀಪುರ, ಅರಸೀಕೆರೆ ಕಡೆಯವರು, ಕೊಪ್ಪ-ಶೃಂಗೇರಿ ಕಡೆಯವರು ಈ ‘ಇನ್‌ಕ್ಲೂಷನ್’ಗೆ ಏನೆನ್ನುತ್ತೀರಿ? ‘-ಇಕೆ’ ಹಚ್ಚಿದ ನಾಮಪದ ಬೇಡ, ಬಾಯಲ್ಲಿ ಓಡಾಡುವ ಕ್ರಿಯಾಪದ ಬೇಕು. ಸ್ವಲ್ಪ ಬೇಗ ತಿಳಿಸಿ. ನನ್ನ ಸಾಲನ್ನು ಓದಿದ ಅಲ್ಲಿನ ಮ್ಯಾನೇಜರು, ‘ಲೆಕ್ಕ ಅಂತ ಗೋಡೆ ಮೇಲೆ ಬರೆದರೆ ನಾಳೆ ಎಲ್ಲರೂ ಬೋನಸ್ ಕೇಳ್ತಾರೆ ಮೇಷ್ಟ್ರೇ’ ಎಂದು ಹಾಳೆಯನ್ನು ವಾಪಸು ಕಳಿಸಿದ್ದಾರೆ.