ಎರೆ ಹೊಲದಲ್ಲಿ ಹೂತ ಪೈಪು ಸೋರುತ್ತಿದೆ, ಗೇಜು ಹಾಕಿ ಜಾಗ ಹುಡುಕಿದವರು ಹೇಳಿ

ಪ್ರಶ್ನೆ, ಹಾವೇರಿ ತಾಲೂಕಿನಿಂದ:
ವರದಾ ನದಿ ದಂಡೆಯ ಮೋಟಾರಿನಿಂದ ಹೊಲದ ತಲೆಯವರೆಗೆ ಸುಮಾರು 600 ಮೀಟರ್ ಪಿವಿಸಿ ಪೈಪು ಹೂಳಿಸಿದ್ದೇವೆ. ಹೊಲ ಎತ್ತರದಲ್ಲಿದೆ. ಈಗ ಮೇಲೆ ಮೊದಲಿನಷ್ಟು ನೀರು ಬರುತ್ತಿಲ್ಲ. ಎಲ್ಲೂ ಹಸಿ ಕಾಣುವುದಿಲ್ಲ. ಮೆಣಸಿನ ಗಿಡ ನಿಂತಿವೆ, ಇಡೀ ಸಾಲು ಅಗೆಯಲು ಆಗುವುದಿಲ್ಲ. ಪ್ರೆಶರ್ ಗೇಜಿನಿಂದ ಜಾಗ ಗೊತ್ತಾಗುತ್ತದೆ ಅಂತಾರೆ, ನಿಜವಾ?

ಬ್ಯಾಡಗಿ ಕಡೆಯಿಂದ:
ನಿಜ ಅಣ್ಣಾರೆ. ನಮ್ಮದೂ ಎರೆ ಭೂಮಿ. ಸೋರಿದ ನೀರು ಬಿರುಕುಗಳಲ್ಲೇ ಇಳಿದು ಹೋಗುತ್ತದೆ, ಎಷ್ಟೋ ಸಲ ಮೇಲೆ ಬರುವುದೇ ಇಲ್ಲ. ಹಸಿ ಹುಡುಕುತ್ತ ಸುಮ್ನೆ ದಿನ ಕಳೆಯಬೇಡಿ.

ಮೋಟಾರಿನ ಹತ್ತಿರ, ಗೇಟ್ ವಾಲ್ ದಾಟಿದ ಮೇಲೆ ಗೇಜು ಕೂರಿಸಿ. ನಿಮ್ಮ ಎತ್ತರಕ್ಕೆ ತಕ್ಕ ಗೇಜು ತನ್ನಿ. 16 ಕೆ.ಜಿ.ವರೆಗೆ (ಚದರ ಸೆಂಟಿಮೀಟರಿಗೆ ಇಷ್ಟು ಕೆ.ಜಿ. ಒತ್ತಡ ಅನ್ನುವ ಲೆಕ್ಕ) ತೋರಿಸುವ ಗೇಜಿನಲ್ಲಿ ಸಣ್ಣ ಇಳಿತ ಕಾಣುವುದಿಲ್ಲ. ಮೋಟಾರ್ ಓಡಿಸಿ ಪೈಪು ತುಂಬಿಸಿ, ಗಾಳಿಯೆಲ್ಲ ಹೋಗಲಿ. ಮೋಟಾರ್ ನಿಂತ ಮೇಲೆ ಗೇಟ್ ವಾಲ್ ಬಿಗಿಯಾಗಿ ಮುಚ್ಚಿ. ಹೊಲದ ಕಡೆಯ ಬಾಯಿ ತೆರೆದೇ ಇರಲಿ.

10 ಮೀಟರ್ ಎತ್ತರದ ನೀರಿಗೆ ಹೆಚ್ಚುಕಡಿಮೆ 1 ಕೆ.ಜಿ. ಒತ್ತಡ. ಹೊಲದ ತುದಿ 20 ಮೀಟರ್ ಮೇಲಿದ್ದರೆ ಮುಳ್ಳು 2ರ ಹತ್ತಿರ ನಿಲ್ಲಬೇಕು. ಸೋರಿಕೆ ಇದ್ದರೆ ನಿಧಾನವಾಗಿ ಇಳಿಯುತ್ತದೆ. ಆದರೆ ನೀರಿನ ಮಟ್ಟ ಸೋರುವ ಜಾಗಕ್ಕೆ ಬಂದಾಗ ಮುಳ್ಳು ಅಲ್ಲೇ ನಿಲ್ಲುತ್ತದೆ. 1.2ಕ್ಕೆ ನಿಂತರೆ ತೂತು ಗೇಜಿಗಿಂತ ಸುಮಾರು 12 ಮೀಟರ್ ಮೇಲಿದೆ. ಸಾಲಿನಲ್ಲಿ ಅಷ್ಟು ಎತ್ತರ ಬರುವ ಜಾಗದಲ್ಲಿ ಮಾತ್ರ ಅಗೆಯಿರಿ. ಸಣ್ಣ ಸೋರಿಕೆಯಾದರೆ ರಾತ್ರಿಯಿಡೀ ಬಿಡಬೇಕಾಗುತ್ತದೆ. ಎರಡು ತೂತಿದ್ದರೆ ಮೇಲಿನದನ್ನು ದಾಟಿದ ಮೇಲೆ ಇಳಿಯುವ ವೇಗ ಕಡಿಮೆಯಾಗಿ, ಕೊನೆಗೆ ಕೆಳಗಿನ ತೂತಿನ ಮಟ್ಟಕ್ಕೆ ನಿಲ್ಲುತ್ತದೆ. ಪೈಪು ನಡುವೆ ಎಲ್ಲಾದರೂ ಇಳಿದು ಮತ್ತೆ ಏರಿದ್ದರೆ ಈ ಲೆಕ್ಕ ಸರಿಬರುವುದಿಲ್ಲ.

ಹುಬ್ಬಳ್ಳಿಯಿಂದ, ಪ್ಲಂಬಿಂಗ್ ಕೆಲಸದವರು:
ಗೇಟ್ ವಾಲ್ ಮುಚ್ಚುವುದನ್ನು ಮರೆಯಬೇಡಿ ಸರ್. ನಾನ್ ರಿಟರ್ನ್ ವಾಲ್ ಹಿಡಿಯದಿದ್ದರೆ ನೀರು ನದಿಗೇ ವಾಪಸ್ ಇಳಿಯುತ್ತದೆ, ಪೈಪು ಗಟ್ಟಿಯಿದ್ದರೂ ಮುಳ್ಳು ಬೀಳುತ್ತದೆ. ಗೇಟ್ ಮುಚ್ಚಿದಾಗ ನಿಂತು, ತೆರೆದಾಗ ಇಳಿದರೆ ಆ ನಾನ್ ರಿಟರ್ನ್ ವಾಲ್ ಬಿಚ್ಚಿ ನೋಡಿ. ಆಗ ನೀರು ಕಡಿಮೆಯಾಗಲು ಮೋಟಾರೋ ಫುಟ್ ವಾಲೋ (ನೀರೆಳೆಯುವ ಪೈಪಿನ ಕೆಳತುದಿಯ ವಾಲ್) ಕಾರಣ ಇರಬಹುದು, ಅಲ್ವಾ?

ಗದಗದಿಂದ:
ನಮ್ಮಂಥ ಸಮತಟ್ಟು ಹೊಲಕ್ಕೆ ಮುಳ್ಳು ನಿಲ್ಲುವ ಲೆಕ್ಕ ನಡೆಯುವುದಿಲ್ಲ. ನಡುವೆ ವಾಲ್ ಇದ್ದರೆ ಮುಚ್ಚಿ, ಅರ್ಧರ್ಧ ಪರೀಕ್ಷಿಸಿ. ವಾಲ್ ಇಲ್ಲದಿದ್ದರೆ ಮೋಟಾರ್ ಓಡುವಾಗಲೇ ಟೀ (ಪೈಪು ಕವಲೊಡೆಯುವ ಜೋಡಣೆ) ಇರುವ ಕಡೆಯೆಲ್ಲ ಒತ್ತಡ ಬರೆದುಕೊಳ್ಳಿ. ತೂತಿನವರೆಗೆ ಜಾಸ್ತಿ ನೀರು ಹರಿಯುವುದರಿಂದ ಪ್ರತಿ 100 ಮೀಟರಿಗೆ ಒತ್ತಡ ಹೆಚ್ಚು ಬೀಳುತ್ತದೆ, ದಾಟಿದ ಮೇಲೆ ಕಡಿಮೆ. ಆ ವ್ಯತ್ಯಾಸ ಎಲ್ಲಿ ಶುರುವಾಗುತ್ತದೋ ಅಲ್ಲಿ ಹುಡುಕಿ. ಸಾಲಿಗೆಲ್ಲ ಒಂದೇ ಅಳತೆಯ ಪೈಪು ಇರಬೇಕು, ನೆಲದ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ರಶ್ನೆ ಕೇಳಿದವರು:
ಎತ್ತರ ಅಳೆಯುವುದು ಹೇಗೆ? ಮೊಬೈಲ್ ಸಾಕಾ?

ಬ್ಯಾಡಗಿ ಕಡೆಯಿಂದ:
ಬೇಡ, ಮೊಬೈಲು ಮೀಟರುಗಟ್ಟಲೆ ತಪ್ಪು ತೋರಿಸುತ್ತದೆ. ಗೌಂಡಿಗಳು ನೀರು ತುಂಬಿಸಿ ಬಳಸುವ ಟ್ಯೂಬ್ ಲೆವೆಲ್ ತಂದು ಹಂತಹಂತವಾಗಿ ಅಳೆಯಿರಿ. ತೂತು ಸಿಕ್ಕಿ ಜಾಯಿಂಟ್ ಹಾಕಿದ ಮೇಲೆ ಅಂಟಿಸುವ ಸೊಲ್ಯೂಷನ್ ಒಣಗಲು ಒಂದು ದಿನ ಬಿಡಿ. ಗುಂಡಿ ತೆರೆದಿಟ್ಟೇ ಮತ್ತೊಮ್ಮೆ ಗೇಜು ನೋಡಿ. ಮುಚ್ಚುವಾಗ ಪೈಪಿನ ಸುತ್ತ ಮರಳು ಹಾಕಿ. ಎರೆ ಮಣ್ಣು ಮಳೆಗೆ ಹಿಗ್ಗಿ, ಬಿಸಿಲಿಗೆ ಕುಗ್ಗಿ ಜಾಯಿಂಟನ್ನು ಎಳೆಯುತ್ತದೆ.