‘ಪವರ್ ಮೆಟಲ್’ಗೆ ‘ವೀರ’ ಸಾಕೇ? ‘ಮಾಯಾನಾಡು’ ಎಂದರೆ ತಪ್ಪಾಗುತ್ತದೆಯೇ?

ಎಲ್ಲರಿಗೂ ಉಡುಪಿಯಿಂದ ನಮಸ್ಕಾರ. ಕಾಲೇಜೊಂದರ ವಾರ್ಷಿಕ ಸಂಚಿಕೆಯ ಕನ್ನಡ ಕರಡು ತಿದ್ದುವ ಕೆಲಸ ಈ ವರ್ಷವೂ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ನನ್ನ ತಮ್ಮನ ಮಗನ ಲೇಖನವೂ ಒಂದು. ಇಟಲಿಯ ರ‍್ಯಾಪ್ಸಡಿ ಎಂಬ ತಂಡ 1998ರಲ್ಲಿ ತಂದ ‘ಸಿಂಫನಿ ಆಫ್ ಎನ್‌ಚಾಂಟೆಡ್ ಲ್ಯಾಂಡ್ಸ್’ ಎಂಬ ಆಲ್ಬಮ್ ಕುರಿತು ಬರೆದಿದ್ದಾನೆ. ಮೊದಲ ವಾಕ್ಯವೇ ಹೀಗಿದೆ: ‘ಇದು ಭ್ರಾಮಕ ವಸ್ತುವಿನ ಸ್ವರಮೇಳಾತ್ಮಕ ಶಕ್ತಿಲೋಹದ ಧ್ವನಿಸುರುಳಿ.’ ಅಂದರೆ ಫ್ಯಾಂಟಸಿ ವಸ್ತುವಿನ ‘ಸಿಂಫನಿಕ್ ಪವರ್ ಮೆಟಲ್’ ಆಲ್ಬಮ್; ಮೆಟಲ್ ಎಂಬುದು ಅಬ್ಬರದ ರಾಕ್ ಸಂಗೀತದ ಒಂದು ಬಗೆ.

ಬಿಡಿಬಿಡಿಯಾಗಿ ನೋಡಿದರೆ ಯಾವ ಪದಕ್ಕೂ ದೋಷವಿಲ್ಲ. ಒಟ್ಟಿಗೆ ಓದಿದರೆ ಗಣಿ ಇಲಾಖೆಯ ಟೆಂಡರ್ ಪ್ರಕಟಣೆಯಂತಿದೆ. ಅವನನ್ನು ಕೇಳಿದರೆ, “ಅತ್ತೆ, ಇಂಗ್ಲಿಷಿನಲ್ಲಿ ಇದ್ದದ್ದನ್ನೇ ನಾನು ಕನ್ನಡಕ್ಕೆ ತಂದದ್ದು, ಬೇಡವಾದರೆ ನೀವೇ ಬೇರೆ ಹೇಳಿ” ಎಂದ. ಬೇರೆ ಹೇಳಬೇಕಾದರೆ ವಸ್ತು ಏನೆಂದು ಗೊತ್ತಿರಬೇಕಲ್ಲ. ಎರಡು ರಾತ್ರಿ ಆ ಆಲ್ಬಮನ್ನು ಪೂರ್ತಿ ಕೇಳಿದೆ. ಮೊದಲ ರಾತ್ರಿ ತಲೆ ಸಿಡಿಯಿತು; ಎರಡನೆಯ ರಾತ್ರಿ ಕಾಲು ತಾಳ ಹಾಕುತ್ತಿತ್ತು. ಆ ಮೇಲೆ ಹುಟ್ಟಿದ ಪ್ರಶ್ನೆಗಳನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೆಟಲ್ ವಿಷಯದಲ್ಲಿ ನನಗೆ ಅನುಮಾನವಿಲ್ಲ, ಅದು ಮೆಟಲ್ ಆಗಿಯೇ ಇರಲಿ. ‘ಭಾರಲೋಹ’ ಎಂದರೆ ಸೀಸ, ಪಾದರಸ. ಹೊಳೆ ನೀರಿನ ಪರೀಕ್ಷೆಯ ವರದಿಯಲ್ಲಿ ಬರುವ ಪದ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದಾಗ ನಮ್ಮ ಕಡೆಯ ಯಾರೂ ಆ ವಾದ್ಯಕ್ಕೆ ಸಂಸ್ಕೃತದ ಹೆಸರು ಹುಡುಕಲು ಹೋಗಲಿಲ್ಲ. ದೇವಸ್ಥಾನದ ಉತ್ಸವದ ಕರೆಯೋಲೆಯಲ್ಲಿಯೂ ಅದು ಸ್ಯಾಕ್ಸೋಫೋನ್ ಎಂದೇ ಅಚ್ಚಾಗುತ್ತದೆ. ಧ್ವನಿಸುರುಳಿಯನ್ನೂ ತೆಗೆದಿದ್ದೇನೆ. ಸುರುಳಿ ಹೋಗಿ ಕಾಲವಾಯಿತು. ಆಲ್ಬಮ್ ಎಂದರೆ ಸಾಕು.

ಇನ್ನು ಪವರ್. ಹ್ಯಾಂಬರ್ಗ್‌ನ ಹೆಲೋವೀನ್ ತಂಡ 1987 ಮತ್ತು 1988ರಲ್ಲಿ ಎರಡು ಭಾಗಗಳಾಗಿ ತಂದ ಆಲ್ಬಮ್‌ಗಳಿಂದ ಈ ಬಗೆಯ ಯುರೋಪಿನ ಸಂಗೀತಕ್ಕೆ ರೂಪ ಬಂತು ಎಂದು ಕೇಳುಗರು ಸಾಮಾನ್ಯವಾಗಿ ಹೇಳುತ್ತಾರೆ. ಅದರಲ್ಲಿ ‘ಪವರ್’ ಎಂಬುದು ಬಲದ ಮಾತಲ್ಲ. ಬಲ ಎಲ್ಲ ಮೆಟಲ್‌ನಲ್ಲಿಯೂ ಇದೆ, ಕಿವಿ ಇದ್ದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಬೇರೆಯಾಗಿ ಇರುವುದು ವೇಗ, ಎತ್ತರದ ಕಂಠ, ಎಲ್ಲರೂ ಸೇರಿ ಹಾಡಬಹುದಾದ ಪಲ್ಲವಿ, ಎರಡು ಕಾಲಿನಲ್ಲೂ ಪೆಡಲ್ ಒತ್ತಿ ಕುದುರೆ ಓಡಿದಂತೆ ನುಡಿಸುವ ಡ್ರಮ್. ಎಲ್ಲಕ್ಕಿಂತ ಹೆಚ್ಚಾಗಿ ಉತ್ಸಾಹ. ಮೆಟಲ್‌ನ ಬೇರೆ ಕವಲುಗಳು ಸಾವು, ಕತ್ತಲು, ಸಿಟ್ಟುಗಳ ಕಡೆ ಹೋದರೆ ಇದು ಗೆಲುವಿನ ಕಡೆ ಹೋಗುತ್ತದೆ. ಉತ್ಸಾಹ ಯಾವ ರಸದ ಸ್ಥಾಯಿಭಾವ ಎಂದು ಕನ್ನಡ ಎಂ.ಎ. ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗಾಗಿ ನಾನು ‘ಶಕ್ತಿ’ಯನ್ನು ಹೊಡೆದು ‘ವೀರ’ ಎಂದು ಬರೆದೆ. (ಶಕ್ತಿ ಎಂದರೆ 2023ರಿಂದೀಚೆಗೆ ಮಹಿಳೆಯರಿಗೆ ಉಚಿತ ಸರಕಾರಿ ಬಸ್ ಎಂಬ ಅರ್ಥವೂ ಸೇರಿಕೊಂಡಿದೆ. ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮ ಉಡುಪಿ–ಮಂಗಳೂರು ದಾರಿಯಲ್ಲಿ ಆ ಅರ್ಥದ ಉಪಯೋಗವೂ ಕಡಿಮೆ.)

‘ವೀರ ಮೆಟಲ್’. ಬರೆದ ಮೇಲೆ ನನಗೇ ಪೂರ್ತಿ ಹಿಡಿಸಲಿಲ್ಲ. ರಸ ಸಿಕ್ಕಿತು, ಶ್ರುತಿ ಸಿಗಲಿಲ್ಲ. ಆ ಗಾಯಕ ಸ್ವರ ಎತ್ತಿದಾಗ ನನಗೆ ನೆನಪಾದದ್ದು ಯಕ್ಷಗಾನದಲ್ಲಿ ಯುದ್ಧದ ಸನ್ನಿವೇಶಕ್ಕೆ ಭಾಗವತರು, ಅಂದರೆ ಹಾಡಿ ಆಟ ನಡೆಸುವವರು, ಎತ್ತುವ ಏರುಪದ. ಚೆಂಡೆ ಏರುತ್ತದೆ, ಕಂಠ ಏರುತ್ತದೆ, ವೇಷವೂ ನಿಂತಲ್ಲಿ ನಿಲ್ಲುವುದಿಲ್ಲ. ಭಾಗವತ ಕಾಳಿಂಗ ನಾವಡರ ಏರುಕಂಠವನ್ನು ಕ್ಯಾಸೆಟ್ಟಿನಲ್ಲಾದರೂ ಕೇಳಿದವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಹಾಗಾದರೆ ‘ಏರು ಮೆಟಲ್’ ಎನ್ನಬಹುದೇ? ಕರಾವಳಿಯ ಓದುಗನಿಗೆ ಕೂಡಲೇ ತಿಳಿಯುತ್ತದೆ. ಆದರೆ ಘಟ್ಟದ ಮೇಲೆ ‘ಏರು’ ಎಂದರೆ ದಿಬ್ಬ, ಅಥವಾ ಉಳುವ ನೇಗಿಲು–ಎತ್ತುಗಳ ಜೋಡಿ. ಮೈಸೂರಿನವರೊಬ್ಬರು ಇದನ್ನು ಕೃಷಿ ಸಲಕರಣೆ ಎಂದುಕೊಂಡರೆ ನಾನು ಜವಾಬ್ದಾರಳಾಗುತ್ತೇನೆ.

ಸಿಂಫನಿಕ್ ಎಂಬುದಕ್ಕೆ ‘ಸ್ವರಮೇಳಾತ್ಮಕ’ ಏಕೆ ಸಲ್ಲದು ಎಂದರೆ, ಈ ಆಲ್ಬಮ್‌ನಲ್ಲಿ ಸಿಂಫನಿ ಇಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಸಿಂಫನಿ ಎಂದರೆ ಸಾಮಾನ್ಯವಾಗಿ ಹಲವು ಭಾಗಗಳುಳ್ಳ ದೊಡ್ಡ ಕೃತಿ, ಅದಕ್ಕೊಂದು ಕಟ್ಟು ಇದೆ. ಇಲ್ಲಿ ಇರುವುದು ಗಿಟಾರಿನ ಹಿಂದೆ ಕೀಬೋರ್ಡು, ತಂತಿವಾದ್ಯ, ಗುಂಪುಗಾನ ಇವೆಲ್ಲ ಸೇರಿ ಮೂಡಿಸುವ ವಾದ್ಯವೃಂದದ ಬಣ್ಣ. ‘ಹಿಮ್ಮೇಳ’ ಎಂಬ ಪದ ನಾಲಿಗೆಯ ತುದಿಗೆ ಬಂತು. ಬಂದದ್ದು ನಿಲ್ಲಲಿಲ್ಲ. ಯಕ್ಷಗಾನದಲ್ಲಿ ಹಿಮ್ಮೇಳ ಹೆಸರಿಗಷ್ಟೇ ಹಿಂದೆ. ಭಾಗವತರೇ ಅಲ್ಲಿರುವಾಗ ಆಟ ನಡೆಸುವುದು ಅದೇ. ಈ ಆಲ್ಬಮ್‌ನಲ್ಲಿ ವಾದ್ಯವೃಂದ ನಿಜಕ್ಕೂ ಹಿನ್ನೆಲೆ, ಹಾಡುಗಾರ ಮುಂದೆ. ಅಂದರೆ ಪದ ಹೊಂದಿದಂತೆ ಕಂಡರೂ ಒಳಗಿನ ವ್ಯವಸ್ಥೆ ತಿರುಗುಮುರುಗು. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೋಫೋನ್‌ಗಳನ್ನು ಹಿಮ್ಮೇಳಕ್ಕೆ ಸೇರಿಸಿದಾಗ ಅದು ಹಿಮ್ಮೇಳವಾಗಿಯೇ ಉಳಿಯಿತೇ ಎಂಬ ಜಗಳ ಆಗಿನವರಿಗೆ ಇತ್ತು. ನನಗೆ ಈಗ ಬಂದಿದೆ. ಸದ್ಯಕ್ಕೆ ‘ವಾದ್ಯವೃಂದದ’ ಎಂದು ಬರೆದು ದಾಟಿದ್ದೇನೆ.

ಫ್ಯಾಂಟಸಿಗೆ ‘ಭ್ರಾಮಕ’ ಎಂದವನ ಕಿವಿ ಹಿಂಡಬೇಕೆನಿಸಿತು. ಅದು ಜ್ವರ ಬಂದವನಿಗೆ ಕಾಣುವಂಥದ್ದು. ನಮ್ಮ ಯಕ್ಷಗಾನದಲ್ಲಿ ಇದಕ್ಕೆ ಸಿದ್ಧವಾದ ಪದವಿದೆ: ಕಾಲ್ಪನಿಕ ಪ್ರಸಂಗ. ಪ್ರಸಂಗವೆಂದರೆ ಆಟದ ಕತೆ. ಪುರಾಣದಿಂದ ಎತ್ತಿದ್ದಲ್ಲ, ಚರಿತ್ರೆಯೂ ಅಲ್ಲ. ಇಲ್ಲದ ರಾಜ್ಯ, ಇಲ್ಲದ ರಾಜಕುಮಾರ, ಶಾಪ, ಪಣ, ಸೇಡು. ನಾವಡರೇ ಬರೆದ ‘ನಾಗಶ್ರೀ’ ಟೆಂಟಿನ ಆಟದ ಕಾಲದಲ್ಲಿ ಜನರನ್ನು ಬೆಳಗಿನವರೆಗೆ ಕೂರಿಸಿದ್ದು ಈ ಬಗೆಯ ಪ್ರಸಂಗವಾಗಿಯೇ. ರ‍್ಯಾಪ್ಸಡಿಯವರೂ ಮಾಡಿದ್ದು ಅದನ್ನೇ. ಹಿಮದ ಯೋಧನೊಬ್ಬ ಕತ್ತಲಿನ ಒಡೆಯನ ವಿರುದ್ಧ ಗೆಲ್ಲಲು ಪಚ್ಚೆಯ ಖಡ್ಗವೊಂದನ್ನು ಅರಸುವ ಕತೆಯನ್ನು 1997ರಿಂದ 2002ರವರೆಗೆ ಐದು ಬಿಡುಗಡೆಗಳಲ್ಲಿ ಹಾಡಿದರು. ಒಂದೇ ಕತೆಯನ್ನು ಹೇಳುವ ಆಲ್ಬಮ್‌ಗೆ ಪ್ರಸಂಗ ಎನ್ನುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ. ಹುಡುಗ ಒಪ್ಪಲಿಲ್ಲ. “ಪ್ರಸಂಗ ಎಂದರೆ ಓದುವವರು ವೇಷ ಹುಡುಕುತ್ತಾರೆ ಅತ್ತೆ” ಎಂದ. ಹುಡುಕಲಿ ಎಂದೆ. ಆ ತಂಡದ ಹಳೆಯ ಫೋಟೋಗಳನ್ನು ತೋರಿಸಿದ್ದು ಅವನೇ, ವೇಷಕ್ಕೇನೂ ಕೊರತೆಯಿಲ್ಲ.

2004ರಲ್ಲಿ ಇದೇ ಹೆಸರಿನ ಎರಡನೆಯ ಭಾಗ ಬಂದಾಗ ನಡುನಡುವೆ ಗದ್ಯ ಹೇಳಿದವರು ನಟ ಕ್ರಿಸ್ಟೋಫರ್ ಲೀ. ಅದಕ್ಕೆ ‘ಅರ್ಥ’ ಎಂದು ಹಾಕೋಣವೇ ಎಂದು ಈಗ ಹುಡುಗನೇ ಕೇಳಿದ. ಅಲ್ಲಿ ನಾನು ತಡೆದೆ. ವೇಷ, ಕುಣಿತಗಳಿಲ್ಲದ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಾತ್ರಧಾರಿ ಆಡುವ ಮಾತೇ ಅರ್ಥ; ಅದು ಆಶುವಾಗಿ ಹುಟ್ಟುವುದು, ಎದುರಾಳಿಯ ಮಾತಿಗೆ ತಕ್ಕಂತೆ ತಿರುಗುವುದು. ಬರೆದುಕೊಟ್ಟದ್ದನ್ನು ಗಂಭೀರ ಕಂಠದಲ್ಲಿ ಓದಿದರೆ ಅದು ನಿರೂಪಣೆ.

ಈಗ ನನಗೆ ನಿದ್ದೆಗೆಡಿಸಿದ ಪದಕ್ಕೆ ಬರುತ್ತೇನೆ. ‘ಎನ್‌ಚಾಂಟೆಡ್ ಲ್ಯಾಂಡ್ಸ್’ ಎಂಬುದಕ್ಕೆ ಹುಡುಗ ‘ಮಾಯಾನಾಡು’ ಎಂದು ಬರೆದಿದ್ದಾನೆ. ಬೆಂಗಳೂರಿನಲ್ಲಿ ಅಚ್ಚಾಗಿದ್ದರೆ ನಾನೂ ಮುಂದೆ ಹೋಗುತ್ತಿದ್ದೆ. ಆದರೆ ಇದನ್ನು ಓದುವ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ತುಳು ಆಡುವವರು. ದೈವಗಳ ಕತೆ ಹೇಳುವ ತುಳು ಹಾಡುಗಳಾದ ಪಾಡ್ದನಗಳಲ್ಲಿ ಕಣ್ಣಿಗೆ ಕಾಣುವ ಬದುಕು ಜೋಗ, ಕಾಣದ ಇರವು ಮಾಯ. ಕಾರ್ಕಳದ ಗೊಮ್ಮಟನನ್ನು ಕಡೆದ ಬೀರ ಕಲ್ಕುಡನ ಒಂದು ಕೈ, ಒಂದು ಕಾಲನ್ನು ಅರಸ ಕಡಿಸಿದ ಮೇಲೆ ಅವನೂ ತಂಗಿ ಕಲ್ಲುರ್ಟಿಯೂ ಸತ್ತರು ಎಂದು ಯಾರೂ ಹೇಳುವುದಿಲ್ಲ, ಮಾಯವಾದರು ಎನ್ನುತ್ತಾರೆ. ಮಾಯವಾದವರು ಇಲ್ಲವಾದವರಲ್ಲ, ದೈವವಾಗಿ ಬಂದು ನುಡಿ ಕೊಡುವವರು. ಅಂಥ ಪದವನ್ನು ಒಬ್ಬ ಮಂತ್ರವಾದಿಯ ಕಟ್ಟಿಗೆ ಸಿಕ್ಕಿದ ಕಾಡು–ಕೋಟೆಗಳಿಗೆ ಹಚ್ಚಿದರೆ ಓದುವವನ ಮನಸ್ಸಿನಲ್ಲಿ ಏನು ಮೂಡುತ್ತದೆ? ವೇದಾಂತದ ಮಾಯೆ, ಜಾದೂಗಾರನ ಮಾಯ, ದೈವದ ಮಾಯ, ಮೂರೂ ಒಂದೇ ಅಕ್ಷರದೊಳಗೆ ಕುಳಿತಿವೆ.

‘ಮಂತ್ರಿಸಿದ ನಾಡು’ ಎಂದು ತಿದ್ದಿ ನೋಡಿದೆ. ಮಂತ್ರಿಸಿದ್ದೆಂದರೆ ಕೈಗೆ ಕಟ್ಟುವ ನೂಲು. ‘ಮೋಡಿ’ ಒಳ್ಳೆಯ ಪದವೇ, ಆದರೆ ತಲೆಬರಹ ಬರೆಯುವವರು ಅದನ್ನು 2014ರಿಂದೀಚೆಗೆ ಶ್ಲೇಷೆಗೆ ತಿಕ್ಕಿ ತಿಕ್ಕಿ ಸವೆಸಿದ್ದಾರೆ. ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನಲ್ಲಿದೆ, ಅದರ ಹೊಟ್ಟೆಯಲ್ಲಿ ಹಾಡು ಎಂಬ ಅರ್ಥವೇ ಇದೆ: ಹಾಡಿ ವಶ ಮಾಡಿಕೊಂಡದ್ದು. ಸಂಗೀತದ ಆಲ್ಬಮ್‌ಗೆ ಇದು ಎಷ್ಟು ಸೊಗಸು! ‘ಗಾನವಶ ನಾಡು’ ಎಂದು ಗೀಚಿಕೊಂಡಿದ್ದೇನೆ. ಸಮಾಸ ಅರಿಸಮಾಸವೆಂದು ಯಾರಾದರೂ ಬೈಯುವ ಮೊದಲು ನಾನೇ ಹೇಳಿಬಿಡುತ್ತೇನೆ.

ಡ್ರ್ಯಾಗನ್ ಕುರಿತು ಒಂದೇ ಮಾತು. ನಿಘಂಟಿನ ‘ಘಟಸರ್ಪ’ವನ್ನು ನಾನು ಒಪ್ಪಲಾರೆ. ನಾಗಬನ ಇಲ್ಲದ ಊರಿಲ್ಲದ ಕಡೆಯಲ್ಲಿ ‘ಸರ್ಪವನ್ನು ಕೊಂದ ವೀರ’ ಎಂದು ಅಚ್ಚು ಹಾಕಿದರೆ, ಮುಂದಿನ ಹಾಡಿನಲ್ಲಿ ಅವನು ಸರ್ಪಸಂಸ್ಕಾರಕ್ಕೆ ಕುಕ್ಕೆಗೆ ಹೋಗಬೇಕಾಗುತ್ತದೆ. ಡ್ರ್ಯಾಗನ್ ಡ್ರ್ಯಾಗನ್ ಆಗಿರಲಿ.

ಪಚ್ಚೆಯ ಖಡ್ಗಕ್ಕೂ ಒಂದು ಕತೆ ಇದೆ. ಕರಡಿನಲ್ಲಿ ‘ಪಚ್ಚೆ ಕತ್ತಿ’ ಎಂದಿತ್ತು. ನಮ್ಮಲ್ಲಿ ಕತ್ತಿ ಎಂದರೆ ತೆಂಗಿನಕಾಯಿ ಕೆತ್ತುವುದು, ಇಲ್ಲವೇ ಅಡುಗೆಮನೆಯ ಮೆಟ್ಟುಕತ್ತಿ. ಪಚ್ಚೆ ಎಂದರೆ ರತ್ನಕ್ಕಿಂತ ಮೊದಲು ಹಸಿರು ಬಣ್ಣ, ಪಚ್ಚೆಹೆಸರು. ಹಸಿರು ಹಿಡಿಯ ಮೆಟ್ಟುಕತ್ತಿಗಾಗಿ ಐದು ಬಿಡುಗಡೆ ಅಲೆದ ಯೋಧ! ‘ಮರಕತ ಖಡ್ಗ’ ಎಂದು ತಿದ್ದಿದೆ. ಮರಕತವೂ ಇಂಗ್ಲಿಷಿನ ಎಮರಾಲ್ಡೂ ದೂರದ ನೆಂಟರೆಂದು ಪದಮೂಲ ಬಲ್ಲವರು ಹೇಳುತ್ತಾರೆ, ಗ್ರೀಕಿನ ‘ಸ್ಮರಾಗ್ದೋಸ್’ ನಡುವಿನ ಕೊಂಡಿ. ಹಾಗಾಗಿ ಈ ಒಂದು ತಿದ್ದುಪಡಿಯ ಬಗ್ಗೆ ನನಗೆ ಸಮಾಧಾನವಿದೆ.

ನನ್ನ ತಿದ್ದಿದ ವಾಕ್ಯ ಈಗ ಹೀಗಿದೆ: ‘ಇದು ವಾದ್ಯವೃಂದದ ಬೆಂಬಲವುಳ್ಳ ವೀರ ಮೆಟಲ್ ತಿಟ್ಟಿನ ಒಂದು ಕಾಲ್ಪನಿಕ ಪ್ರಸಂಗ.’ ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಎಂಬ ಹಾಗೆ ಶೈಲಿಗೆ ‘ತಿಟ್ಟು’ ಎಂದದ್ದು ನನ್ನ ಧೈರ್ಯ. ಹುಡುಗ ಅದೊಂದನ್ನು ಮಾತ್ರ ಕೇಳಿದ ಕೂಡಲೇ ಮೆಚ್ಚಿದ.

ನಿಮ್ಮಿಂದ ಬೇಕಾದದ್ದು ಎರಡು. ‘ವೀರ’ವೋ ‘ಏರು’ವೋ, ಅಥವಾ ಎರಡರ ಕೆಲಸವನ್ನೂ ಮಾಡುವ ಮೂರನೆಯ ಪದ ನಿಮ್ಮ ಕಡೆ ಇದೆಯೇ? ಎರಡನೆಯದು, ತುಳು ಬಲ್ಲವರಿಗೆ: ‘ಮಾಯಾ’ ಎಂದು ದೀರ್ಘ ಎಳೆದು ಸಮಾಸ ಮಾಡಿದಾಗ ದೈವದ ಮಾಯ ಕಿವಿಗೆ ಬೀಳುತ್ತದೆಯೇ, ಇಲ್ಲವೇ ಅದು ಬರಿಯ ಪುಸ್ತಕದ ಪದವಾಗಿ ಕೇಳಿಸುತ್ತದೆಯೇ? ನನ್ನ ಅಮ್ಮನನ್ನು ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಆ ನಾಡಿನಲ್ಲಿ ದೈವಗಳು ಇವೆಯೋ?” ಎಂದರು. ಹುಡುಗ ಇಲ್ಲ ಎಂದ. “ಹಾಗಾದರೆ ಬೇಡ” ಎಂದು ಒಳಗೆ ಹೋದರು. ಪುಟಗಳು ಶನಿವಾರ ಮುದ್ರಣಾಲಯಕ್ಕೆ ಹೋಗುತ್ತವೆ. ಶೀರ್ಷಿಕೆಯ ಜಾಗ ಖಾಲಿ ಬಿಟ್ಟಿದ್ದೇನೆ.