‘ಜನರಲ್ ಜೂರಿಸ್ಡಿಕ್ಷನ್’: ‘ಸಾಮಾನ್ಯ ವ್ಯಾಪ್ತಿ’ ಎಂದರೆ ಸಾಕೇ?

ಮಿತ್ರರೇ,

ಅಮೆರಿಕದ ರಾಜ್ಯ ನ್ಯಾಯಾಲಯಗಳ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಜನರಲ್ ಜೂರಿಸ್ಡಿಕ್ಷನ್’ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಜೂರಿಸ್ಡಿಕ್ಷನ್‌ಗೆ (ಮೊಕದ್ದಮೆ ವಿಚಾರಿಸಲು ನ್ಯಾಯಾಲಯಕ್ಕಿರುವ ಅಧಿಕಾರ) ನಮ್ಮ ವಕೀಲರ ಬಾಯಲ್ಲಿ ‘ವ್ಯಾಪ್ತಿ’ ಇದೆ, ಪೊಲೀಸರ ಬಾಯಲ್ಲಿ ‘ಸರಹದ್ದು’ ಇದೆ. ಆದರೆ ಮೂಲದ ಶೀರ್ಷಿಕೆಯಲ್ಲಿ ‘ಸ್ಕೋಪ್’ ಕೂಡ ಇರುವುದರಿಂದ ‘ವ್ಯಾಪ್ತಿಯ ವ್ಯಾಪ್ತಿ’ ಎಂದು ಬರೆಯಬೇಕಾದ ಫಜೀತಿ! ಹಾಗಾಗಿ ‘ನ್ಯಾಯಾಧಿಕಾರ’ವನ್ನು ಹಿಡಿದಿದ್ದೇನೆ. ತೊಡಕು ಉಳಿದಿರುವುದು ‘ಜನರಲ್’ನಲ್ಲಿ.

ಅಲ್ಲಿ ಆ ಪದಕ್ಕೆ ಎರಡು ಅರ್ಥ. ಒಂದು ಮೊಕದ್ದಮೆಯ ವಿಷಯಕ್ಕೆ ಸಂಬಂಧಿಸಿದ್ದು. ಕ್ಯಾಲಿಫೋರ್ನಿಯದ ಸುಪೀರಿಯರ್ ಕೋರ್ಟ್ ವಿಚ್ಛೇದನ, ಜಮೀನು, ಕರಾರು, ಕೊಲೆ ಎಲ್ಲವನ್ನೂ ವಿಚಾರಿಸಬಹುದು. ದಿವಾಳಿ, ಪೇಟೆಂಟಿನಂಥ ಕೆಲವು ಮಾತ್ರ ಫೆಡರಲ್ ನ್ಯಾಯಾಲಯಗಳಿಗೆ ಮೀಸಲು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಕಲಮಿನ ಧಾಟಿಯೂ ಇದೇ: ಕಾನೂನಿನ ತಡೆಯಿಲ್ಲದಿದ್ದರೆ ಸಿವಿಲ್ ಸ್ವರೂಪದ ಎಲ್ಲ ದಾವೆಗಳೂ ಸಿವಿಲ್ ನ್ಯಾಯಾಲಯಕ್ಕೆ ಸೇರುತ್ತವೆ. ಇದಕ್ಕೆ ‘ಸರ್ವವಿಷಯ ನ್ಯಾಯಾಧಿಕಾರ’ ಒಪ್ಪೀತು. ‘ಸಾಮಾನ್ಯ’ ಎಂದರೆ ಓದುಗರು ಕೆಳದರ್ಜೆಯ ಕೋರ್ಟು ಎಂದುಕೊಂಡಾರು. (ನ್ಯೂಯಾರ್ಕಿನಲ್ಲಿ ಇಂಥ ವಿಚಾರಣಾ ನ್ಯಾಯಾಲಯದ ಹೆಸರೇ ‘ಸುಪ್ರೀಂ ಕೋರ್ಟ್’, ರಾಜ್ಯದ ಅತ್ಯುನ್ನತ ನ್ಯಾಯಾಲಯ ‘ಕೋರ್ಟ್ ಆಫ್ ಅಪೀಲ್ಸ್’. ಅನುವಾದಕರ ಗ್ರಹಚಾರ.)

ಇನ್ನೊಂದು ಅರ್ಥ ಪ್ರತಿವಾದಿಗೆ ಸಂಬಂಧಿಸಿದ್ದು. ಘಟನೆ ಎಲ್ಲೇ ನಡೆದಿರಲಿ, ಈ ಕಂಪನಿಯನ್ನು ಈ ರಾಜ್ಯದ ಕಟಕಟೆಗೆ ಎಳೆಯಬಹುದೇ ಎಂಬ ಪ್ರಶ್ನೆ. ಅರ್ಜೆಂಟೀನದಲ್ಲಿ ನಡೆದ ದೌರ್ಜನ್ಯಗಳಿಗಾಗಿ ಅಲ್ಲಿನವರು ಜರ್ಮನಿಯ ಡೈಮ್ಲರ್ ಕಂಪನಿಯ ಮೇಲೆ ಕ್ಯಾಲಿಫೋರ್ನಿಯದಲ್ಲಿ ದಾವೆ ಹೂಡಿದ್ದರು. ಕ್ಯಾಲಿಫೋರ್ನಿಯದಲ್ಲಿ ಕಂಪನಿಯ ಕಾರು ಮಾರಾಟವಾಗುತ್ತದೆ ಎಂದಮಾತ್ರಕ್ಕೆ ಸಾಲದು. ಕಂಪನಿ ಸ್ಥಾಪನೆಯಾದ ಜಾಗ, ಮುಖ್ಯ ಕಚೇರಿಯಿರುವ ಜಾಗ, ಸಾಧಾರಣವಾಗಿ ಇವೆರಡೇ ಅದರ ‘ಮನೆ’ ಎಂದು 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಇದನ್ನು ನೋಡಿ ‘ನೆಲೆಯ ನ್ಯಾಯಾಧಿಕಾರ’ ಎಂದು ಬರೆದುಕೊಂಡೆ.

ಅದಕ್ಕೆ ಕಲ್ಲು ಹಾಕಿದ್ದು 2023ರ ನಾರ್ಫೋಕ್ ಸದರ್ನ್ ತೀರ್ಪು. ವರ್ಜೀನಿಯದ ಆ ರೈಲ್ವೆ ಕಂಪನಿ ವ್ಯವಹಾರಕ್ಕೆಂದು ಪೆನ್ಸಿಲ್ವೇನಿಯದಲ್ಲಿ ನೋಂದಾಯಿಸಿಕೊಂಡಿತ್ತು. ಹಾಗೆ ನೋಂದಾಯಿಸಿಕೊಂಡ ಕಂಪನಿ ಅಲ್ಲಿನ ನ್ಯಾಯಾಲಯಗಳ ಜನರಲ್ ಜೂರಿಸ್ಡಿಕ್ಷನ್‌ಗೆ ಒಳಪಡುತ್ತದೆ ಎಂಬುದು ಆ ರಾಜ್ಯದ ಕಾಯಿದೆ. ಅಮೆರಿಕದ ಸಂವಿಧಾನದ ನ್ಯಾಯೋಚಿತ ಪ್ರಕ್ರಿಯೆಯ (ಡ್ಯೂ ಪ್ರೊಸೆಸ್) ವಿಧಿಗೆ ಇದು ವಿರುದ್ಧವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಇಲ್ಲಿ ಕಂಪನಿಯ ನೆಲೆ ಇಲ್ಲ, ಒಪ್ಪಿಗೆ ಮಾತ್ರ ಇದೆ.

‘ಪೂರ್ಣ ನ್ಯಾಯಾಧಿಕಾರ’ ಎನ್ನೋಣವೆಂದರೆ ‘ಪೂರ್ಣ ಪೀಠ’ ನೆನಪಾಗುತ್ತದೆ. ‘ಅಧಿಕಾರಕ್ಷೇತ್ರ’ ದಯವಿಟ್ಟು ಬೇಡ. ಕ್ಷೇತ್ರ ಎಂದೊಡನೆ ಭೂಪಟ ಕಣ್ಣೆದುರು ಬರುತ್ತದೆ. ಕನ್ನಡದಲ್ಲಿ ವಾದಪತ್ರ, ತೀರ್ಪು ಬರೆದು ಪಳಗಿದವರು ಈ ಎರಡನೆಯ ಅರ್ಥಕ್ಕೆ, ನೆಲೆ ಮತ್ತು ಒಪ್ಪಿಗೆ ಎರಡನ್ನೂ ಒಳಗೊಳ್ಳುವಂತೆ, ಏನು ಬಳಸುತ್ತೀರಿ?